ಫೇರ್: ಒಂದು ಪದ, ಎರಡು ತಕ್ಕಡಿ

ನಮ್ಮ ಬೀದಿಯಲ್ಲಿ ಒಂದು ನರ್ಸರಿ ಶಾಲೆಯಿದೆ. ಬೆಳಿಗ್ಗೆ ಅದರ ಮುಂದೆ ಹಾದುಹೋಗುವಾಗ ಮಕ್ಕಳು ಒಕ್ಕೊರಲಿನಿಂದ ಇಂಗ್ಲಿಷ್ ಶಿಶುಗೀತೆಯೊಂದನ್ನು ಹಾಡುವುದು ಕೇಳಿಸುತ್ತದೆ. ಮಗುವನ್ನು ಎಲ್‌ಕೆಜಿಗೆ ಕಳಿಸಿದ ಎಲ್ಲ ತಂದೆತಾಯಂದಿರಿಗೂ ಅದು ಗೊತ್ತು. ಗುಂಡು ಕೆನ್ನೆ, ಗುಳಿ ಬಿದ್ದ ಗಲ್ಲ, ಗುಂಗುರು ಕೂದಲು, ನೀಲಿ ಕಣ್ಣಿನ ಮಗುವೊಂದರ ವರ್ಣನೆ ಅದು. ಬಣ್ಣದ ಮಾತು ಬಂದಾಗ ಮಗು ಬರೀ ‘ಫೇರ್’ ಅಲ್ಲ, ತುಂಬ ‘ಫೇರ್’. ಟೀಚರಿಗೆ ಅಚ್ಚುಮೆಚ್ಚಿನ ಮಗು ಅದುವೇ ಎಂಬಲ್ಲಿಗೆ ಪದ್ಯ ಮುಗಿಯುತ್ತದೆ. ಕೆನ್ನೆ ಮುಟ್ಟಿ, ಕೂದಲು ತೋರಿಸಿ, ಕಣ್ಣು ಪಿಳುಕಿಸಿ ಹಾಡುವ ಆ ಮಕ್ಕಳಲ್ಲಿ ಒಂದಕ್ಕೂ ನೀಲಿ ಕಣ್ಣಿಲ್ಲ. ಹೆಚ್ಚಿನವರ ಮೈಬಣ್ಣ ನಮ್ಮ ನಿಮ್ಮ ಹಾಗೆ ಕಂದು ಇಲ್ಲವೇ ಕಪ್ಪು. ತಮ್ಮದಲ್ಲದ ಮುಖವೊಂದನ್ನು ತಮ್ಮ ಮುಖದ ಮೇಲೆ ಬೆರಳಿಟ್ಟು ತೋರಿಸುವುದನ್ನು ಅವರು ಮೂರೂವರೆ ವರ್ಷಕ್ಕೇ ಕಲಿಯುತ್ತಾರೆ.

ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಪಡಿತರ ಅಂಗಡಿಯಿದೆ. ಅದರ ಹಲಗೆಯ ಮೇಲೆ ಕನ್ನಡದಲ್ಲಿ ‘ನ್ಯಾಯಬೆಲೆ ಅಂಗಡಿ’ ಎಂದಿದೆ, ಕೆಳಗೆ ಇಂಗ್ಲಿಷಿನಲ್ಲಿ ‘ಫೇರ್ ಪ್ರೈಸ್ ಶಾಪ್’ ಎಂದಿದೆ. ಶಾಲೆಯಲ್ಲಿ ‘ಫೇರ್’ ಎಂದರೆ ಬಿಳಿ ಬಣ್ಣ, ಅಂಗಡಿಯಲ್ಲಿ ‘ಫೇರ್’ ಎಂದರೆ ನ್ಯಾಯ. ಎರಡರ ನಡುವೆ ಇನ್ನೂರು ಹೆಜ್ಜೆ. ಶಾಲೆಯಿಂದ ಬಂದ ಮಗು ಸಂಜೆ ಅಮ್ಮನ ಸೆರಗು ಹಿಡಿದು ಅಕ್ಕಿಗಾಗಿ ಸಾಲಿನಲ್ಲಿ ನಿಂತರೆ, ಬೆಳಿಗ್ಗೆ ಕಲಿತ ಪದ ಇದೇ ಎಂದು ಅದಕ್ಕೆ ಹೊಳೆಯಲಾರದು. ನಮಗೂ ಹೊಳೆಯುವುದಿಲ್ಲ. ಒಂದೇ ವಿಶೇಷಣವನ್ನು ನಾವು ಎರಡು ತಕ್ಕಡಿಗಳಲ್ಲಿ ತೂಗುತ್ತಾ ಬಂದಿದ್ದೇವೆ. ಆ ಎರಡನ್ನೂ ಒಮ್ಮೆ ಒಟ್ಟಿಗೆ ಇಟ್ಟು ನೋಡಬೇಕೆಂಬುದೇ ಈ ಬರಹದ ಉದ್ದೇಶ.

ಪದದ ಮೂಲ

ಯಾವುದೇ ಇಂಗ್ಲಿಷ್-ಕನ್ನಡ ನಿಘಂಟು ತೆರೆದರೂ ‘ಫೇರ್’ ಎಂಬಲ್ಲಿ ಅರ್ಥಗಳ ದೊಡ್ಡ ಪಟ್ಟಿಯೇ ಇರುತ್ತದೆ. ಸುಂದರ, ಬಿಳಿಯ, ನ್ಯಾಯವಾದ, ನಿಷ್ಪಕ್ಷಪಾತ, ನಿರ್ಮಲ, ಸಾಧಾರಣ ಎಂದೆಲ್ಲ. (ಜಾತ್ರೆ ಎಂಬ ಅರ್ಥದ ‘ಫೇರ್’ ಬೇರೆಯೇ ಪದ. ಅದು ಹಬ್ಬದ ದಿನವನ್ನು ಸೂಚಿಸುವ ಲ್ಯಾಟಿನ್ ಪದದಿಂದ ಬಂದದ್ದು. ಅದನ್ನು ಇಲ್ಲಿಗೇ ಬಿಡೋಣ.) ವಿಶೇಷಣವಾದ ‘ಫೇರ್’ ಹಳೆಯ ಇಂಗ್ಲಿಷಿನಲ್ಲಿ ಚೆಲುವಾದದ್ದು, ಹಿತವಾದದ್ದು ಎಂಬ ಅರ್ಥದಲ್ಲಿತ್ತು. ಅದರ ಬಂಧುವಾದ ಗಾಥಿಕ್ ಭಾಷೆಯ ಪದಕ್ಕೆ ‘ತಕ್ಕುದಾದ, ಹೊಂದುವ’ ಎಂದು ಅರ್ಥ. ಅಂದರೆ ಬೇರಿನಲ್ಲಿ ಬಣ್ಣವೂ ಇರಲಿಲ್ಲ, ನ್ಯಾಯವೂ ಇರಲಿಲ್ಲ. ಯಾವುದು ಎಲ್ಲಿ ಹೇಗಿರಬೇಕೋ ಹಾಗಿದ್ದರೆ ಅದು ‘ಫೇರ್’.

ಅಲ್ಲಿಂದ ಪದ ಹರಡಿದ ದಾರಿಯನ್ನು ಇಂದಿನ ಬಳಕೆಗಳಲ್ಲೇ ಗುರುತಿಸಬಹುದು. ಮೋಡವಿಲ್ಲದ ಆಕಾಶ ‘ಫೇರ್ ವೆದರ್’. ಕಾಟುಚಿತ್ತುಗಳಿಲ್ಲದೆ ಅಂದವಾಗಿ ಬರೆದ ಪ್ರತಿ ‘ಫೇರ್ ಕಾಪಿ’. ನಮ್ಮ ಹೈಸ್ಕೂಲುಗಳಲ್ಲಿ ಇಂದಿಗೂ ರಫ್ ನೋಟ್ಸ್ ಬೇರೆ, ಫೇರ್ ನೋಟ್ಸ್ ಬೇರೆ. ಮೋಸವಿಲ್ಲದ ಆಟ ‘ಫೇರ್ ಪ್ಲೇ’, ಪಕ್ಷಪಾತವಿಲ್ಲದ ವಿಚಾರಣೆ ‘ಫೇರ್ ಟ್ರಯಲ್’. ಇವೆಲ್ಲದರಲ್ಲೂ ಒಂದು ‘ಇಲ್ಲ’ ಅಡಗಿದೆ: ಮೋಡವಿಲ್ಲ, ಮಸಿಯಿಲ್ಲ, ಮೋಸವಿಲ್ಲ, ಪಕ್ಷಪಾತವಿಲ್ಲ. ಕಲೆಯಿಲ್ಲದ್ದು ‘ಫೇರ್’.

ಇಲ್ಲಿಯವರೆಗೆ ತಕರಾರಿಲ್ಲ. ತೊಂದರೆ ಶುರುವಾಗುವುದು ಈ ಪದ ಮನುಷ್ಯನ ಚರ್ಮದ ಮೇಲೆ ಕುಳಿತಾಗ. ಬಿಳಿ ಮೈಯೂ ಹೊಂಗೂದಲೂ ‘ಫೇರ್’ ಎನಿಸಿಕೊಂಡ ಮೇಲೆ, ಕಪ್ಪು ಮೈ ಏನಾಯಿತು? ಆಕಾಶಕ್ಕೆ ಮೋಡವಿದ್ದ ಹಾಗೆ, ಕಾಗದಕ್ಕೆ ಮಸಿ ಚೆಲ್ಲಿದ ಹಾಗೆ, ಅದೊಂದು ಕಲೆಯಾಯಿತು. ಯಾರೂ ಕುಳಿತು ಸಂಚು ಮಾಡಿ ಹೀಗೆ ಅರ್ಥ ಕೊಟ್ಟದ್ದಲ್ಲ. ಆದರೆ ಒಂದೇ ಪದದ ಮನೆಯೊಳಗೆ ಚೆಲುವು, ಶುಭ್ರತೆ, ಸತ್ಯ, ನ್ಯಾಯ, ಬಿಳುಪು ಎಲ್ಲವೂ ಒಂದೇ ಕುಟುಂಬದಂತೆ ವಾಸಿಸತೊಡಗಿದರೆ, ಹೊರಗೆ ನಿಂತವನಿಗೆ ಬಾಗಿಲು ತೆರೆಯುವುದು ಕಷ್ಟ.

ಇದಕ್ಕೆ ಷೇಕ್ಸ್‌ಪಿಯರನ ‘ಒಥೆಲೋ’ ನಾಟಕಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ರಚಿತವಾದ ಆ ನಾಟಕದ ನಾಯಕ ಒಬ್ಬ ಮೂರ್. ವೆನಿಸ್ ನಗರದ ಸೇನಾನಿ, ಶೂರ, ಪ್ರಾಮಾಣಿಕ. ಅವನು ಬಿಳಿ ಹೆಣ್ಣನ್ನು ಮದುವೆಯಾದಾಗ ಅವಳ ತಂದೆ ಕೆರಳುತ್ತಾನೆ. ವೆನಿಸಿನ ದೊರೆ ಆ ತಂದೆಯನ್ನು ಸಮಾಧಾನಪಡಿಸುತ್ತಾ, ಗುಣದಲ್ಲಿ ನಿನ್ನ ಅಳಿಯ ಕಪ್ಪು ಅನ್ನುವುದಕ್ಕಿಂತ ‘ಫೇರ್’ ಅನ್ನುವುದೇ ಸರಿ ಎಂಬರ್ಥದ ಮಾತು ಹೇಳುತ್ತಾನೆ. ದೊರೆಯ ಉದ್ದೇಶ ಒಳ್ಳೆಯದೇ. ಆದರೆ ಅವನಲ್ಲಿದ್ದ ಭಾಷೆ ನೋಡಿ. ಒಬ್ಬ ಕಪ್ಪು ಮನುಷ್ಯನನ್ನು ಹೊಗಳಬೇಕಾದರೆ ಮೊದಲು ಅವನನ್ನು ಬಿಳಿ ಮಾಡಬೇಕು. ಹೊಗಳಿಕೆಯೇ ಅವಮಾನವಾಗುವ ಸ್ಥಿತಿ ಇದು. ಅಮೆರಿಕದ ವಿದ್ವಾಂಸೆ ಕಿಮ್ ಹಾಲ್ 1995ರಲ್ಲಿ ಪ್ರಕಟವಾದ ತಮ್ಮ ‘ಥಿಂಗ್ಸ್ ಆಫ್ ಡಾರ್ಕ್‌ನೆಸ್’ ಎಂಬ ಗ್ರಂಥದಲ್ಲಿ ಆ ಕಾಲದ ಇಂಗ್ಲಿಷ್ ಸಾಹಿತ್ಯದ ‘ಫೇರ್’ ಮತ್ತು ‘ಡಾರ್ಕ್’ ಎಂಬ ಜೋಡಿಯನ್ನು ಬಗೆದು ನೋಡಿದ್ದಾರೆ. ಅದು ಬರೀ ಕವಿಸಮಯವಲ್ಲ, ಇಂಗ್ಲೆಂಡ್ ಸಮುದ್ರ ದಾಟಿ ವ್ಯಾಪಾರಕ್ಕೂ ಗುಲಾಮಗಿರಿಗೂ ಇಳಿಯುತ್ತಿದ್ದ ಹೊತ್ತಿನಲ್ಲಿ ತಾನು ಯಾರು, ಪರರು ಯಾರು ಎಂದು ಗೆರೆ ಎಳೆದುಕೊಂಡ ಬಗೆಯೂ ಹೌದು ಎಂಬುದು ಅವರ ವಾದದ ಸಾರ.

ಮಕ್ಕಳ ಕಥೆಗಳಿಗೂ ಇದೇ ಗತಿಯಾಯಿತು. ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಹಿಮಬಿಳುಪಿನ ರಾಜಕುಮಾರಿಯ ಕಥೆಯಲ್ಲಿ ರಾಣಿ ಕನ್ನಡಿಯನ್ನು ಕೇಳುವ ಪ್ರಶ್ನೆಯ ಜರ್ಮನ್ ಪದಕ್ಕೆ ‘ಸುಂದರಿ’ ಎಂದಷ್ಟೇ ಅರ್ಥ. ಇಂಗ್ಲಿಷಿಗೆ ಬರುವಾಗ ಅದು ‘ಫೇರ್’ ಆಯಿತು. ಇಂಗ್ಲಿಷ್ ಮಕ್ಕಳಿಗೆ ಅದು ಸುಂದರಿ ಎಂದೇ ಕೇಳಿಸಿರಬಹುದು. ಭಾರತದಲ್ಲಿ ಆ ಪದಕ್ಕೆ ಚರ್ಮದ ಅರ್ಥವೇ ಮೊದಲು ಹೊಳೆಯುವುದರಿಂದ, ನಮ್ಮ ಮಕ್ಕಳ ಕಿವಿಗೆ ರಾಣಿ ಕೇಳುವುದು ‘ಎಲ್ಲರಿಗಿಂತ ಬೆಳ್ಳಗಿರುವವರು ಯಾರು’ ಎಂದೇ.

ನ್ಯಾಯದ ಅರ್ಥ

ಇನ್ನು ಪದದ ಎರಡನೆಯ ಮುಖ. ಇದು ಇಂಗ್ಲಿಷ್ ಭಾಷೆಯ ದೊಡ್ಡ ಆಸ್ತಿ ಎಂದೇ ಹೇಳಬೇಕು. ಪೋಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಭಾಷಾವಿಜ್ಞಾನಿ ಅನ್ನಾ ವಿಯೆರ್ಜ್‌ಬಿಕಾ 2006ರ ತಮ್ಮ ಪುಸ್ತಕದಲ್ಲಿ, ಈ ಅರ್ಥದ ‘ಫೇರ್’ಗೆ ಇತರ ಭಾಷೆಗಳಲ್ಲಿ ಸರಿಸಮಾನ ಪದವಿಲ್ಲ, ಅದು ಇಂಗ್ಲಿಷ್ ಸಂಸ್ಕೃತಿಯದೇ ಒಂದು ಮೌಲ್ಯ ಎಂದು ವಾದಿಸಿದರು. ಜರ್ಮನ್ನರು ಆ ಪದವನ್ನು ಹಾಗೆಯೇ ಎರವಲು ಪಡೆದಿದ್ದಾರೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 10ನೇ ವಿಧಿ ಪ್ರತಿಯೊಬ್ಬನಿಗೂ ‘ಫೇರ್’ ಆದ ಬಹಿರಂಗ ವಿಚಾರಣೆಯ ಹಕ್ಕು ಕೊಡುತ್ತದೆ. ಅದೇ ಘೋಷಣೆಯ ಸ್ಪ್ಯಾನಿಶ್ ಪಾಠದಲ್ಲಿ ‘ನ್ಯಾಯದಿಂದ’ ಎಂದಷ್ಟೇ ಇದೆ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1958ರ ಲೇಖನದಲ್ಲಿ, ಮತ್ತೆ 1971ರ ಮಹಾಗ್ರಂಥದಲ್ಲಿ ನ್ಯಾಯವನ್ನೇ ‘ಫೇರ್‌ನೆಸ್’ ಎಂಬುದರ ಮೂಲಕ ವಿವರಿಸಿದರು. ತಾನು ಬಡವನೋ ಶ್ರೀಮಂತನೋ, ಯಾವ ಜನಾಂಗದವನೋ ಎಂದು ತಿಳಿಯದ ಸ್ಥಿತಿಯಲ್ಲಿ ಕುಳಿತು ನಿಯಮ ಮಾಡಿದರೆ ಅದು ‘ಫೇರ್’ ಆಗುತ್ತದೆ ಎಂಬುದು ಅವರ ಪ್ರಸಿದ್ಧ ವಿಚಾರ.

ಕಾನೂನಿನ ಭಾಷೆಯಲ್ಲಿ ಈ ಪುಟ್ಟ ಪದ ಮಾಡಿದ ಕೆಲಸ ಸಣ್ಣದಲ್ಲ. ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಈ ಪದವೇ ಇಲ್ಲ. ಕಾನೂನು ವಿಧಿಸಿದ ಕ್ರಮದಂತೆ ಹೊರತು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ ಎಂದಷ್ಟೇ ಅದು ಹೇಳುತ್ತದೆ. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕ್ರಮವೊಂದು ಇದ್ದರೆ ಸಾಲದು, ಆ ಕ್ರಮ ‘ಫೇರ್’ ಆಗಿಯೂ ಇರಬೇಕು ಎಂದು ಅದಕ್ಕೆ ಅರ್ಥ ಕೊಟ್ಟಿತು. ಗುಜರಾತಿನ ವಡೋದರಾದಲ್ಲಿ 2002ರಲ್ಲಿ ಬೆಸ್ಟ್ ಬೇಕರಿಯ 14 ಮಂದಿಯನ್ನು ಕೊಂದ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿದಾಗ, ಸುಪ್ರೀಂ ಕೋರ್ಟು 2004ರ ಏಪ್ರಿಲ್‌ನಲ್ಲಿ ವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ವರ್ಗಾಯಿಸಿ ಹೊಸದಾಗಿ ನಡೆಸುವಂತೆ ಆದೇಶಿಸಿತು. ‘ಫೇರ್ ಟ್ರಯಲ್’ ಎಂಬುದು ಆರೋಪಿಯ ಹಕ್ಕು ಮಾತ್ರವಲ್ಲ, ಸತ್ತವರ ಮನೆಯವರದ್ದೂ ಸಮಾಜದ್ದೂ ಹಕ್ಕು ಎಂಬ ವಿಚಾರ ಆ ತೀರ್ಪಿನ ತಿರುಳು. ಒಂದು ವಿಶೇಷಣಕ್ಕೆ ಎಷ್ಟು ಭಾರ ಹೊರುವ ಶಕ್ತಿಯಿದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಕೋರ್ಟಿನಿಂದ ಕ್ರಿಕೆಟ್ ಮೈದಾನಕ್ಕೆ ಬಂದರೂ ಇದೇ ಪದ. ನಿಯಮಬದ್ಧ ಎಸೆತಕ್ಕೆ ಕ್ರಿಕೆಟ್ ಶಾಸನದಲ್ಲಿ ‘ಫೇರ್ ಡೆಲಿವರಿ’ ಎಂದೇ ಹೆಸರು. 1995ರ ಡಿಸೆಂಬರ್ 26ರಂದು ಮೆಲ್ಬರ್ನಿನಲ್ಲಿ ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಅವರ ಎಸೆತಗಳು ‘ಫೇರ್’ ಅಲ್ಲವೆಂದು ಅಂಪೈರ್ ಡ್ಯಾರೆಲ್ ಹೇರ್ ಏಳು ಬಾರಿ ನೋ ಬಾಲ್ ಕೂಗಿದರು. ಅಂದಿನ ವಿವಾದವನ್ನು ಇಲ್ಲಿ ಮತ್ತೆ ಕೆದಕುವುದು ಬೇಡ. ಮುಂದೆ ನಡೆದದ್ದು ಮುಖ್ಯ. ವೇಗದ ಕ್ಯಾಮರಾಗಳಿಂದ ಅಳೆದಾಗ ಮುರಳೀಧರನ್ ಒಬ್ಬರದ್ದಲ್ಲ, ಬರಿಗಣ್ಣಿಗೆ ನಿರ್ದೋಷಿಗಳಾಗಿ ಕಂಡ ಬಹುಪಾಲು ಬೌಲರುಗಳ ಮೊಣಕೈಯೂ ಒಂದಿಷ್ಟು ನೆಟ್ಟಗಾಗುತ್ತದೆ ಎಂದು ತಿಳಿಯಿತು. 2005ರಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ ಎಲ್ಲರಿಗೂ 15 ಡಿಗ್ರಿಯ ಒಂದೇ ಮಿತಿಯನ್ನು ಜಾರಿಗೆ ತಂದಿತು. ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು, ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವುದು. ‘ಫೇರ್’ ಎಂಬುದರ ನ್ಯಾಯದ ಅರ್ಥವನ್ನು ಇದಕ್ಕಿಂತ ಸರಳವಾಗಿ ವಿವರಿಸಲು ನಮಗೆ ತಿಳಿಯದು. ಈ ಅಳತೆಗೋಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕನ್ನಡಕ್ಕೆ ಬಂದಾಗ

ಈ ಪದ ಕನ್ನಡ ನಾಡಿಗೆ ಬಂದಾಗ ಒಂದು ವಿಚಿತ್ರ ನಡೆಯಿತು. ಅದು ಎರಡಾಗಿ ಸೀಳಿತು.

ನ್ಯಾಯದ ಭಾಗವನ್ನು ಸರಕಾರ ಅನುವಾದ ಮಾಡಿಕೊಂಡಿತು. ಫೇರ್ ಪ್ರೈಸ್ ಶಾಪ್ ‘ನ್ಯಾಯಬೆಲೆ ಅಂಗಡಿ’ಯಾಯಿತು. ಇದೊಂದು ಸೊಗಸಾದ ಅನುವಾದ. ಅಕ್ಷರ ಬಾರದ ಅಜ್ಜಿಯೂ ಅದನ್ನು ಬಳಸುತ್ತಾಳೆ, ತೂಕ ಕಡಿಮೆಯಾದರೆ ಹೆಸರಿನಲ್ಲಿರುವ ನ್ಯಾಯ ಎಲ್ಲಿ ಹೋಯಿತು ಎಂದು ಕೇಳಲೂ ಬಲ್ಲಳು. ಆದರೆ ಎಲ್ಲ ಅನುವಾದಗಳಿಗೂ ಈ ಭಾಗ್ಯ ಸಿಗಲಿಲ್ಲ. ಕಬ್ಬಿಗೆ 2009ರಿಂದ ನಿಗದಿಯಾಗುತ್ತಿರುವ ‘ನ್ಯಾಯಯುತ ಮತ್ತು ಲಾಭದಾಯಕ ಬೆಲೆ’ ರೈತರ ಬಾಯಲ್ಲಿ ಎಫ್‌ಆರ್‌ಪಿ ಆಗಿ ಉಳಿಯಿತು, ‘ಫೇರ್’ ಎಂಬುದು ಬರೀ ಒಂದು ‘ಎಫ್’ ಅಕ್ಷರವಾಯಿತು. 1894ರ ಹಳೆಯ ಭೂಸ್ವಾಧೀನ ಕಾಯಿದೆಯ ಜಾಗಕ್ಕೆ 2013ರಲ್ಲಿ ಬಂದ ಕಾಯಿದೆ ತನ್ನ ಹೆಸರಿನಲ್ಲೇ ‘ಫೇರ್’ ಆದ ಪರಿಹಾರದ ಹಕ್ಕನ್ನು ಇಟ್ಟುಕೊಂಡಿದೆ. ಜಮೀನು ಕಳೆದುಕೊಂಡವನಿಗೆ ಮಾತ್ರ ಅದು ‘ಭೂಸ್ವಾಧೀನ ಕಾಯಿದೆ’ ಎಂದೇ ಪರಿಚಯ. 1948ರಲ್ಲಿ ನೇಮಕವಾದ ಫೇರ್ ವೇಜಸ್ ಸಮಿತಿಯು ಕೂಲಿಯನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿತ್ತು: ಕೆಳಗಿನ ತುದಿಯಲ್ಲಿ ಕನಿಷ್ಠ ವೇತನ, ಮೇಲಿನ ತುದಿಯಲ್ಲಿ ಘನತೆಯ ಜೀವನ ವೇತನ, ನಡುವೆ ‘ಫೇರ್’ ವೇತನ. ಕನಿಷ್ಠ ವೇತನ ಎಂಬ ಮಾತು ಊರೂರಿಗೂ ತಲುಪಿದೆ. ನಡುವಿನ ಮೆಟ್ಟಿಲಿನ ಹೆಸರೇ ಹೆಚ್ಚಿನ ಕಾರ್ಮಿಕರಿಗೆ ಗೊತ್ತಿಲ್ಲ.

ಬಣ್ಣದ ಭಾಗವಾದರೋ ಅನುವಾದವೇ ಬೇಕಾಗದೆ ಮನೆಯೊಳಗೆ ಬಂದಿತು. ಕನ್ನಡ ದಿನಪತ್ರಿಕೆಯ ಭಾನುವಾರದ ವಧುವರರ ಪುಟ ನೋಡಿದರೆ ಸಾಕು. ಜಾತಿ, ನಕ್ಷತ್ರ, ಎತ್ತರ, ಓದು, ಅದಾದ ಮೇಲೆ ‘ಫೇರ್’. ಕನ್ನಡ ಲಿಪಿಯಲ್ಲೇ, ಯಾವ ಮುಜುಗರವೂ ಇಲ್ಲದೆ. ‘ಬಿಳಿ ಹುಡುಗಿ ಬೇಕು’ ಎಂದು ಅಚ್ಚು ಹಾಕಿಸಲು ನಾಚುವವರೂ ‘ಫೇರ್ ಹುಡುಗಿ’ ಎಂದು ಬರೆಸಬಲ್ಲರು. ಇಂಗ್ಲಿಷ್ ಪದ ಇಲ್ಲಿ ಮಾಡುವ ಕೆಲಸ ಅದೇ: ಆಡಬಾರದ ಮಾತಿಗೆ ಇಸ್ತ್ರಿ ಹಾಕಿದ ಅಂಗಿ ತೊಡಿಸುವುದು. ಬ್ರಿಟನ್ನಿನಲ್ಲಿ ಇಂದು ಒಬ್ಬಾಕೆ ‘ಫೇರ್’ ಎಂದರೆ ಅವಳ ಕೂದಲು ಹೊಂಬಣ್ಣದ್ದು ಎಂದೇ ಸಾಮಾನ್ಯವಾಗಿ ತಿಳಿಯುತ್ತಾರೆ. ಕಂದು ಜನರ ನಡುವೆ ಯಾರು ಒಂದು ಗುಲಗಂಜಿ ಕಡಿಮೆ ಕಂದು ಎಂದು ಅಳೆಯಲು ಆ ಪದವನ್ನು ಇಷ್ಟು ನಾಜೂಕಾಗಿ ಬಳಸುವ ವಿದ್ಯೆ ನಮ್ಮದು. ‘ವೀಟಿಶ್’ ಎಂಬ ಇನ್ನೊಂದು ವಿಶೇಷಣವನ್ನೂ ಭಾರತದ ಇಂಗ್ಲಿಷ್ ಇದಕ್ಕಾಗಿಯೇ ಸೃಷ್ಟಿಸಿಕೊಂಡಿದೆ. ಅದು ನಮ್ಮ ‘ಗೋಧಿ ಬಣ್ಣ’, ಉರ್ದುವಿನ ‘ಗಂದುಮಿ ರಂಗ್’.

ಇನ್ನೂ ಒಂದು ಸೂಕ್ಷ್ಮವಿದೆ. ಈ ವಿಶೇಷಣ ನ್ಯಾಯಾಧೀಶನ ಮುಂದೆ ಬಂದರೆ, ಅಂಪೈರಿನ ಮುಂದೆ ಬಂದರೆ, ವ್ಯಾಪಾರಿಯ ಮುಂದೆ ಬಂದರೆ ಅವನ ನಡತೆಯನ್ನು ಅಳೆಯುತ್ತದೆ. ಹುಡುಗಿಯ ಮುಂದೆ ಬಂದರೆ ಅವಳ ಚರ್ಮವನ್ನು ಅಳೆಯುತ್ತದೆ. ‘ಅವನು ಫೇರ್ ಮನುಷ್ಯ’ ಎಂದರೆ ಮೋಸ ಮಾಡದವನು. ‘ಅವಳು ಫೇರ್’ ಎಂದರೆ ಬೆಳ್ಳಗಿರುವವಳು. ಹೆಣ್ಣುಕುಲವನ್ನೇ ‘ಫೇರ್ ಸೆಕ್ಸ್’ ಎಂದು ಕರೆದ ಹಳೆಯ ಇಂಗ್ಲಿಷ್ ರೂಢಿಯ ಮುಂದುವರಿಕೆ ಇದು. ಗಂಡಿಗೆ ಗುಣವಾದದ್ದು ಹೆಣ್ಣಿಗೆ ಬಣ್ಣವಾಯಿತು.

ದೋಷ ಇಂಗ್ಲಿಷಿನದು ಮಾತ್ರವೇ?

ಇಲ್ಲಿ ನಿಂತು ಎಲ್ಲ ತಪ್ಪನ್ನೂ ಬ್ರಿಟಿಷರ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಅದು ಪ್ರಾಮಾಣಿಕವಾಗದು. ‘ಫೇರ್’ ಬಾರದ ಕಾಲದಲ್ಲೂ ನಮ್ಮಲ್ಲಿ ಗೌರವರ್ಣ ಇತ್ತು, ‘ಗೋರಿ’ ಇದ್ದಳು. ಇಂದಿಗೂ ಹೆಣ್ಣು ನೋಡಿ ಬಂದವರು ಆಡುವ ಮಾತು ಕೇಳಿ: ‘ಹುಡುಗಿ ಒಳ್ಳೆಯವಳೇ, ಬಣ್ಣ ಸ್ವಲ್ಪ ಕಡಿಮೆ.’ ಎಂತಹ ಮಾತು! ಕಪ್ಪು ಎಂಬುದು ಒಂದು ಬಣ್ಣವೇ ಅಲ್ಲ, ಬಣ್ಣದ ಕೊರತೆ. ಉರ್ದು ಮಾತನಾಡುವ ಮನೆಗಳಲ್ಲಿ ಬೆಳ್ಳಗಿರುವವಳ ಬಣ್ಣ ‘ಸಾಫ್’, ಅಂದರೆ ಶುಭ್ರ. ಹಾಗಾದರೆ ಉಳಿದವರದ್ದು ಕೊಳೆಯೇ? ಇಂಗ್ಲಿಷಿನ ‘ಫೇರ್’ ಒಳಗೆ ಅಡಗಿದ್ದ ಕಲೆಯ ಭಾವನೆಗೂ ಇದಕ್ಕೂ ಏನು ವ್ಯತ್ಯಾಸ? ಬೀಜ ಹೊರಗಿನದಿರಬಹುದು, ಆದರೆ ನೆಲ ನಮ್ಮದೇ, ಹದ ಮಾಡಿಟ್ಟದ್ದೂ ನಾವೇ.

ಮುಸ್ಲಿಮರು ಈ ವಿಷಯದಲ್ಲಿ ಬೇರೆಯವರಿಗಿಂತ ಭಿನ್ನ ಎಂದು ಹೇಳಿಕೊಳ್ಳುವ ಧೈರ್ಯ ನಮಗಿಲ್ಲ. ಅಬಿಸೀನಿಯಾದ ಕಪ್ಪು ಗುಲಾಮರಾಗಿದ್ದ ಬಿಲಾಲ್ ಕಅಬಾದ ಮೇಲೆ ನಿಂತು ಅಝಾನ್ ಕೊಟ್ಟ ಪ್ರಸಂಗವನ್ನು ಹೇಳುವಾಗ ನಮ್ಮ ಭಾಷಣಕಾರರ ಕಂಠ ಗದ್ಗದಿತವಾಗುತ್ತದೆ. ಬಿಳಿಯನಿಗೆ ಕರಿಯನ ಮೇಲಾಗಲಿ, ಕರಿಯನಿಗೆ ಬಿಳಿಯನ ಮೇಲಾಗಲಿ ಶ್ರೇಷ್ಠತೆಯಿಲ್ಲ ಎಂಬ ಪ್ರವಾದಿಯವರ ವಿದಾಯ ಭಾಷಣದ ಮಾತನ್ನು ಮದುವೆ ಮಂಟಪದಲ್ಲೇ ಉಲ್ಲೇಖಿಸುವವರಿದ್ದಾರೆ. ಆದರೆ ಆ ಮದುವೆ ಕುದುರಿದ್ದು ಹೇಗೆ? ‘ದೀನಿ, ವಿದ್ಯಾವಂತೆ, ಫೇರ್’ ಎಂಬ ಜಾಹೀರಾತಿನಿಂದ. ಧರ್ಮನಿಷ್ಠೆಯ ಪಕ್ಕದಲ್ಲೇ ಮೈಬಣ್ಣವನ್ನು ಅರ್ಹತೆಯಾಗಿ ಬರೆಸುವಾಗ ನಮ್ಮ ಕೈ ನಡುಗುವುದಿಲ್ಲ. ಹುಡುಗಿಯ ಬಣ್ಣ ‘ಕಡಿಮೆ’ಯಾದಷ್ಟೂ ತಂದೆ ಕೊಡಬೇಕಾದ ಬಂಗಾರ ಹೆಚ್ಚಾಗುವ ಲೆಕ್ಕ ಎಲ್ಲ ಸಮುದಾಯಗಳಿಗೂ ಗೊತ್ತಿದೆ. ಇದು ಯಾವ ‘ಫೇರ್ ಪ್ರೈಸ್’? ಯಾವ ನ್ಯಾಯಬೆಲೆ?

ನಿಜ ಹೇಳಬೇಕೆಂದರೆ ನಮ್ಮ ಭಾಷೆಗಳಲ್ಲಿ ಇದಕ್ಕಿಂತ ಒಳ್ಳೆಯ ಪದಗಳಿವೆ. ಇನ್ಸಾಫ್ ಎಂಬುದು ಅರ್ಧ ಎಂಬರ್ಥದ ಅರಬಿ ಧಾತುವಿನಿಂದ ಬಂದದ್ದು. ಎರಡು ಪಾಲು ಸಮ ಮಾಡುವುದೇ ಇನ್ಸಾಫ್. ಅದ್ಲ್ ಎಂಬುದರ ಮೂಲದಲ್ಲಿ ಸಮತೂಕವಿದೆ. ಕನ್ನಡದ ‘ಸರಿ’ಗೆ ಸಮ ಎಂದೂ ಅರ್ಥ, ಒಪ್ಪುವಂಥದ್ದು ಎಂದೂ ಅರ್ಥ. ಈ ಯಾವ ಪದಕ್ಕೂ ಚರ್ಮವಿಲ್ಲ. ಆಟದಲ್ಲಿ ಮೋಸವಾದಾಗ ಇಂಗ್ಲಿಷ್ ಮಗು ‘ಇದು ಫೇರ್ ಅಲ್ಲ’ ಎಂದು ಅಳುತ್ತದೆ, ಕನ್ನಡದ ಮಗು ‘ಇದು ಮೋಸ’ ಎಂದು ಕೂಗುತ್ತದೆ. ಚೆಲುವಿಗೂ ನಮ್ಮಲ್ಲಿ ಬಣ್ಣದ ಹಂಗಿಲ್ಲದ ಪದಗಳಿವೆ. ‘ಬಣ್ಣ ಕಡಿಮೆಯಾದರೂ ಲಕ್ಷಣವಾಗಿದ್ದಾಳೆ’ ಎನ್ನುವಾಗ ಕನ್ನಡಿಗರು ಚೆಲುವು ಬೇರೆ, ಬಿಳುಪು ಬೇರೆ ಎಂದು ಒಪ್ಪಿಕೊಂಡಂತೆಯೇ. ಆದರೆ ಆ ‘ಆದರೂ’ ಎಂಬ ಅವ್ಯಯವನ್ನು ತೆಗೆದುಹಾಕಲು ನಮಗೆ ಮನಸ್ಸು ಬಂದಿಲ್ಲ.

ಹೆಸರು ಬದಲಾಯಿತು, ಮುಂದೇನು?

ಮನಸ್ಸಿನಲ್ಲಿದ್ದ ಆಸೆಗೆ ಮಾರುಕಟ್ಟೆ ಡಬ್ಬಿಯನ್ನೂ ಹೆಸರನ್ನೂ ಕೊಟ್ಟಿತು. ನಮ್ಮ ಅಜ್ಜಿ, ತಾಯಂದಿರ ಕಾಲದ ಅಫ್ಘಾನ್ ಸ್ನೋ ಡಬ್ಬಿ ಹಲವರಿಗೆ ನೆನಪಿರಬಹುದು. 1975ರಲ್ಲಿ ಹಿಂದೂಸ್ಥಾನ್ ಲೀವರ್ ಕಂಪೆನಿ ‘ಫೇರ್ ಆಂಡ್ ಲವ್ಲಿ’ಯನ್ನು ಮಾರುಕಟ್ಟೆಗೆ ತಂದಿತು. ಭಾರತದ ಹಳ್ಳಿಗಳಲ್ಲಿ ಈ ಇಂಗ್ಲಿಷ್ ವಿಶೇಷಣವನ್ನು ಕಲಿಸಿದ್ದು ಶಾಲೆಯ ಮೇಷ್ಟರಿಗಿಂತ ಹೆಚ್ಚಾಗಿ ಈ ಟ್ಯೂಬೇ ಇರಬೇಕು. ಬಣ್ಣ ಬಿಳುಪಾದ ಮಗಳಿಗೆ ಗಗನಸಖಿಯ ಕೆಲಸ ಸಿಕ್ಕಿ, ಗಂಡುಮಗನಿಲ್ಲವೆಂದು ಕೊರಗುತ್ತಿದ್ದ ತಂದೆ ಹಿಗ್ಗುವ ಜಾಹೀರಾತನ್ನು ಟಿವಿಯಲ್ಲಿ ನೋಡಿದವರು ಮರೆತಿರಲಾರರು. ಮಹಿಳಾ ಸಂಘಟನೆಗಳು ಹೋರಾಡಿದ ಮೇಲೆ 2003ರಲ್ಲಿ ಅಂತಹ ಜಾಹೀರಾತುಗಳು ಹಿಂದೆ ಸರಿದವು. 2005ರಲ್ಲಿ ಗಂಡಸರಿಗೂ ‘ಫೇರ್ ಆಂಡ್ ಹ್ಯಾಂಡ್‌ಸಮ್’ ಬಂತು. ಹೆಣ್ಣಿಗಿದ್ದ ಕಷ್ಟವನ್ನು ಗಂಡಿಗೂ ಹಂಚುವುದೇ ಸಮಾನತೆ ಎಂದು ಮಾರುಕಟ್ಟೆ ತಿಳಿದಂತಿತ್ತು. 2009ರಲ್ಲಿ ‘ಡಾರ್ಕ್ ಈಸ್ ಬ್ಯೂಟಿಫುಲ್’ ಎಂಬ ಅಭಿಯಾನ ಶುರುವಾಗಿ, ನಟಿ ನಂದಿತಾ ದಾಸ್ ಅದಕ್ಕೆ ದನಿಗೂಡಿಸಿದರು. ಕಪ್ಪು ಬಣ್ಣದವರನ್ನು ಸೋತವರು, ದುಃಖಿಗಳು ಎಂಬಂತೆ ತೋರಿಸಬಾರದು ಎಂದು 2014ರಲ್ಲಿ ಜಾಹೀರಾತು ರಂಗದ ಸ್ವನಿಯಂತ್ರಣ ಮಂಡಳಿಯೇ ನಿಯಮ ಮಾಡಿತು.

ಕೊನೆಗೆ 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೊಲೀಸನೊಬ್ಬನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತು, ವರ್ಣಭೇದದ ವಿರುದ್ಧ ಜಗತ್ತೆಲ್ಲ ಎದ್ದಾಗ, ಆ ಅಲೆ ನಮ್ಮ ಕಿರಾಣಿ ಅಂಗಡಿಗೂ ಬಡಿಯಿತು. ಹಿಂದೂಸ್ಥಾನ್ ಯೂನಿಲೀವರ್ ತನ್ನ ಕ್ರೀಮಿನ ಹೆಸರಿನಿಂದ ‘ಫೇರ್’ ತೆಗೆದುಹಾಕುವುದಾಗಿ ಜೂನ್‌ನಲ್ಲಿ ಘೋಷಿಸಿತು, ಜುಲೈನಲ್ಲಿ ಅದು ‘ಗ್ಲೋ ಆಂಡ್ ಲವ್ಲಿ’ ಆಯಿತು. ವಧುವರರ ಜಾಲತಾಣವೊಂದು ಮೈಬಣ್ಣ ಆರಿಸಿ ಹುಡುಕುವ ಸೌಲಭ್ಯವನ್ನು ಕಿತ್ತುಹಾಕಿತು.

ಇದನ್ನು ಸಣ್ಣ ಗೆಲುವು ಎಂದು ನಾವು ಹಳಿಯುವುದಿಲ್ಲ. 45 ವರ್ಷ ಗೋಡೆಗೋಡೆಯ ಮೇಲೂ ಬರೆದಿದ್ದ ಪದವೊಂದು ಅಳಿಸಿಹೋದದ್ದು ದೊಡ್ಡದೇ. ಆದರೆ ಒಂದು ವಿಶೇಷಣ ಹೋಗಿ ಇನ್ನೊಂದು ಬಂದರೆ ಮನಸ್ಸಿನ ಕನ್ನಡಿ ಬದಲಾಗುತ್ತದೆಯೇ? ‘ಫೇರ್’ ಎಂದು ಬರೆಸುತ್ತಿದ್ದವರು ಈಗ ‘ಬ್ರೈಟ್’ ಎನ್ನುತ್ತಾರೆ, ‘ಗ್ಲೋ’ ಎನ್ನುತ್ತಾರೆ. ಅರ್ಥ ಇಬ್ಬರಿಗೂ ಗೊತ್ತು. ಹೆಸರಾಂತ ಕಂಪೆನಿಗಳ ಕಥೆ ಹೀಗಾದರೆ, ಹೆಸರು ವಿಳಾಸವಿಲ್ಲದ ಡಬ್ಬಿಗಳ ಕಥೆ ಇನ್ನೂ ಭೀಕರ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2021ರಿಂದ 2023ರ ನಡುವೆ ಬಂದ ಮೂತ್ರಪಿಂಡದ ರೋಗಿಗಳನ್ನು ಪರಿಶೀಲಿಸಿ, ಅವರಲ್ಲಿ ಹಲವರ ಕಾಯಿಲೆಗೆ ಪಾದರಸ ಬೆರೆತ ಬಿಳುಪಿನ ಕ್ರೀಮುಗಳ ನಂಟಿರುವುದನ್ನು ವರದಿ ಮಾಡಿದರು. ಚರ್ಮರೋಗಕ್ಕೆಂದು ಇರುವ ಸ್ಟಿರಾಯ್ಡ್ ಮುಲಾಮುಗಳನ್ನು ಬಿಳುಪಿಗಾಗಿ ಹಚ್ಚಿ ಮುಖ ಕೆಡಿಸಿಕೊಂಡವರು ಹೆಚ್ಚಿದ್ದರಿಂದ 2018ರಲ್ಲಿ ಕೇಂದ್ರ ಸರಕಾರ ಅಂತಹ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿರ್ಬಂಧಿಸಬೇಕಾಯಿತು. ಒಂದು ವಿಶೇಷಣಕ್ಕೆ ತಕ್ಕವಳಾಗಲು ಹುಡುಗಿಯೊಬ್ಬಳು ತನ್ನ ಮೂತ್ರಪಿಂಡವನ್ನು ಪಣಕ್ಕಿಡುವ ಸ್ಥಿತಿ ಬಂದಿದೆ ಎಂದರೆ, ಅದು ಭಾಷೆಯ ಚರ್ಚೆಯಾಗಿ ಮಾತ್ರ ಉಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕಪ್ಪೇ ಸುಂದರ ಎಂದು ಸಾರಿದರೆ ಸಾಕೇ? ಆ ಮಾತಿಗೆ ಅದರದೇ ಬಲವಿದೆ. ನೊಂದ ಮನಸ್ಸಿಗೆ ಅದು ಮದ್ದು. ಆದರೆ ಅಲ್ಲಿಯೂ ತಕ್ಕಡಿ ಬಣ್ಣದ್ದೇ, ಕಲ್ಲು ಮಾತ್ರ ಬೇರೆ. ಹುಡುಗಿಗೆ ಬೇಕಾದದ್ದು ತನ್ನ ಬಣ್ಣಕ್ಕೆ ಪ್ರಶಸ್ತಿಪತ್ರವಲ್ಲ. ಓದಿಗೆ ಓದಿನ ಅಳತೆ, ಕೆಲಸಕ್ಕೆ ಕೆಲಸದ ಅಳತೆ, ಮದುವೆಗೆ ಗುಣದ ಅಳತೆ. ಬಣ್ಣದ ವಿಷಯ ಲೆಕ್ಕಕ್ಕೇ ಬಾರದಿರುವುದು. ಎಲ್ಲ ಬೌಲರುಗಳಿಗೂ 15 ಡಿಗ್ರಿ ಎಂದ ಹಾಗೆ, ಎಲ್ಲರಿಗೂ ಒಂದೇ ಅಳತೆಗೋಲು. ಅಂದರೆ ಅವಳು ಕೇಳುತ್ತಿರುವುದೂ ‘ಫೇರ್’ ಅನ್ನೇ, ಅದರ ಎರಡನೆಯ ಅರ್ಥದಲ್ಲಿ. ಮೊದಲನೆಯ ಅರ್ಥ ಮನೆಯಲ್ಲಿ ಬೀಡುಬಿಟ್ಟಿರುವವರೆಗೂ ಎರಡನೆಯದು ಪಡಿತರ ಅಂಗಡಿಯ ಹಲಗೆ ಬಿಟ್ಟು ಒಳಗೆ ಬರುವುದಿಲ್ಲ.

ಇದಕ್ಕೆ ಕಾಯಿದೆ, ಕಂಪೆನಿಗಳಿಗಾಗಿ ಕಾಯಬೇಕಿಲ್ಲ. ಮುಂದಿನ ಸಲ ಮಗನಿಗೋ ತಮ್ಮನಿಗೋ ಹುಡುಗಿ ಹುಡುಕುವ ಜಾಹೀರಾತು ಬರೆಯಲು ಕುಳಿತಾಗ ಆ ಎರಡಕ್ಷರದ ಪದದ ಮೇಲೆ ನಮ್ಮ ಪೆನ್ನು ಒಂದು ಗಳಿಗೆ ನಿಲ್ಲಲಿ. ಹೆಣ್ಣು ನೋಡಿ ಬಂದವರು ‘ಬಣ್ಣ ಸ್ವಲ್ಪ ಕಡಿಮೆ’ ಎಂದಾಗ ‘ಯಾವುದಕ್ಕೆ ಹೋಲಿಸಿ ಕಡಿಮೆ?’ ಎಂದು ಮನೆಯ ಹಿರಿಯರಲ್ಲಿ ಒಬ್ಬರಾದರೂ ಕೇಳಲಿ. ನರ್ಸರಿಯ ಟೀಚರಮ್ಮನಿಗೂ ನಮ್ಮದೊಂದು ಮನವಿ: ಮಕ್ಕಳಿಗೆ ಹಾಡಿಸಲು ಪದ್ಯಗಳಿಗೇನೂ ಬರವಿಲ್ಲ. ತಮ್ಮ ಕೆನ್ನೆಯ ಮೇಲೆ ಬೆರಳಿಟ್ಟು ಹಾಡುವ ಮಕ್ಕಳಿಗೆ, ಅವರ ಕೆನ್ನೆಯ ಬಗ್ಗೆಯೇ ಇರುವ ಪದ್ಯವೊಂದನ್ನು ಹೇಳಿಕೊಡಿ.